ಬೋರಲು ಹಾಕಿ ನೋಡಿ: ಇಂಗ್ಲೆಂಡಿನ ಹಳೆಯ ಬೆಳ್ಳಿ ಬಟ್ಟಲು ಸಂಗ್ರಹಿಸುವವರಿಗೆ ಸಮಗ್ರ ಮಾರ್ಗದರ್ಶಿ

ಬೆಳ್ಳಿ ಸಾಮಾನು ಕೊಳ್ಳುವಾಗ ನಮ್ಮವರು ಕೇಳುವುದು ಎರಡೇ ಪ್ರಶ್ನೆ. ತೂಕ ಎಷ್ಟು? ಹೊಳಪು ಹೇಗಿದೆ? ಚಿಕ್ಕಪೇಟೆಯ ಅಂಗಡಿಯಲ್ಲಿ ಅರಿಶಿನ-ಕುಂಕುಮದ ಬಟ್ಟಲು ಕೊಳ್ಳುವುದಕ್ಕೆ ಇಷ್ಟು ಸಾಕು. ಇನ್ನೂರು ವರ್ಷದ ಇಂಗ್ಲಿಷ್ ಬಟ್ಟಲಿನ ಮುಂದೆ ನಿಂತಾಗ ಮಾತ್ರ ಈ ಎರಡು ಪ್ರಶ್ನೆಗಳೇ ನಿಮ್ಮನ್ನು ಹಳ್ಳಕ್ಕೆ ಬೀಳಿಸುತ್ತವೆ. ನಾನು ಬಿದ್ದಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಕೆಲಸದ ಮೇಲೆ ಇಂಗ್ಲೆಂಡಿನಲ್ಲಿದ್ದ ಮೊದಲ ವರ್ಷ, ಒಂದು ಭಾನುವಾರದ ಸಂತೆಯಲ್ಲಿ ಮೈತುಂಬ ಗುಲಾಬಿ, ಎಲೆ, ಬಳ್ಳಿ ಉಬ್ಬಿಸಿದ ಸಕ್ಕರೆ ಬಟ್ಟಲು ಸಿಕ್ಕಿತು. ಕೈಗೆ ಭಾರ, ಕಣ್ಣಿಗೆ ಫಳಫಳ. ತೂಕಕ್ಕೆ ಲೆಕ್ಕ ಹಾಕಿದರೆ ಬೆಲೆಯೂ ಹೆಚ್ಚೇನಲ್ಲ ಅನ್ನಿಸಿತು. ಮನೆಗೆ ತಂದು ಭೂತಗನ್ನಡಿ ಹಿಡಿದಾಗ ನೋಡುತ್ತೇನೆ, ಮುದ್ರೆಯಲ್ಲಿದ್ದ ಸಿಂಹದ ಹಿಂಗಾಲಿನ ಮೇಲೆಯೇ ಒಂದು ಗುಲಾಬಿ ಎಲೆ ಹಾದುಹೋಗಿತ್ತು. ಅಂದರೆ ಮುದ್ರೆ ಮೊದಲು, ಹೂವು ಆಮೇಲೆ. ಹದಿನೆಂಟನೇ ಶತಮಾನದ ಸಾದಾ ಬಟ್ಟಲನ್ನು ವಿಕ್ಟೋರಿಯಾ ಕಾಲದಲ್ಲಿ ಯಾರೋ ‘ಚೆಂದ’ ಮಾಡಿದ್ದರು. ಸಾದಾ ಉಳಿದಿದ್ದರೆ ಇದ್ದ ಬೆಲೆಯ ಸಣ್ಣದೊಂದು ಪಾಲೂ ಈಗ ಅದಕ್ಕಿಲ್ಲ. ಮಾರಿದವನು ಸುಳ್ಳು ಹೇಳಿರಲಿಲ್ಲ. ನಾನು ಕೇಳಿರಲಿಲ್ಲ, ಅಷ್ಟೇ.

ಅಂದಿನಿಂದ ನನ್ನದು ಒಂದೇ ಅಭ್ಯಾಸ: ಬಟ್ಟಲನ್ನು ಕೈಗೆ ತೆಗೆದುಕೊಂಡ ಕೂಡಲೇ ಬೋರಲು ಹಾಕುವುದು. ಮೇಲ್ಭಾಗ ಎಲ್ಲರಿಗೂ ತೋರಿಸಲೆಂದೇ ಇರುವುದು. ತಳಕ್ಕೆ ಯಾರೂ ಬಣ್ಣ ಹಚ್ಚುವುದಿಲ್ಲ.

ಮೊದಲು ಯಾವ ಬಟ್ಟಲು ಎಂದು ಗೊತ್ತುಮಾಡಿಕೊಳ್ಳಿ

‘ಇಂಗ್ಲಿಷ್ ಬೆಳ್ಳಿ ಬಟ್ಟಲು’ ಎಂದರೆ ಹತ್ತಾರು ಜಾತಿ. ಸಿಕ್ಕಿದ್ದೆಲ್ಲ ಕೊಳ್ಳುತ್ತ ಹೋದರೆ ಕಪಾಟು ತುಂಬುತ್ತದೆ, ಕಣ್ಣು ಪಳಗುವುದಿಲ್ಲ. ಒಂದು ಜಾತಿ ಹಿಡಿದು ಅದರ ಐವತ್ತು ಬಟ್ಟಲು ಮುಟ್ಟಿ ನೋಡಿದವರಿಗೆ ಐವತ್ತೊಂದನೆಯದರಲ್ಲಿ ತಪ್ಪಿದ್ದರೆ ಹೇಗೋ ಗೊತ್ತಾಗಿಬಿಡುತ್ತದೆ.

ದೊಡ್ಡವನು ಪಂಚ್ ಬೌಲ್. ಇದರ ಹೆಸರಿಗೆ ನಮ್ಮ ಕಡೆಯ ನಂಟಿದೆ. ಮದ್ಯ, ಸಕ್ಕರೆ, ನಿಂಬೆ, ನೀರು, ಮಸಾಲೆ ಸೇರಿ ಐದು ಪದಾರ್ಥದ ಪಾನಕವಾದ್ದರಿಂದ ‘ಪಂಚ’ವೇ ‘ಪಂಚ್’ ಆಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಈ ಪದ ಇಂಗ್ಲಿಷಿನಲ್ಲಿ ಮೊದಲು ಕಾಣುವುದೂ 1632ರಲ್ಲಿ ಭಾರತದಿಂದ ಹೋದ ಒಂದು ಪತ್ರದಲ್ಲಿ. ಕಂಪನಿಯ ಹಡಗುಗಳಲ್ಲಿ ಹೋದ ಈ ಕುಡಿತ ಲಂಡನ್ನಿನ ಶ್ರೀಮಂತರ ಮೇಜಿಗೆ ಏರಿದಾಗ ಅದಕ್ಕೆ ತಕ್ಕ ಬೆಳ್ಳಿ ಬೋಗುಣಿಯೂ ಹುಟ್ಟಿತು.

ಅದರ ದಾಯಾದಿ ಮಾಂಟೀತ್. ಇದರ ಅಂಚು ಕೋಟೆಯ ತೆನೆಯ ಹಾಗೆ ಏರಿಳಿಯುತ್ತದೆ. ವೈನ್ ಲೋಟಗಳ ಪಾದವನ್ನು ಆ ಕಚ್ಚುಗಳಿಗೆ ಸಿಕ್ಕಿಸಿ, ಲೋಟದ ಬಾಯಿಯನ್ನು ಒಳಗಿನ ತಣ್ಣೀರಿಗೆ ಇಳಿಬಿಡುತ್ತಿದ್ದರು. 1683ರಲ್ಲಿ ಆಕ್ಸ್‌ಫರ್ಡಿನ ಆಂಟನಿ ವುಡ್ ಎಂಬಾತ ತನ್ನ ದಿನಚರಿಯಲ್ಲಿ ಇದನ್ನು ಬರೆದಿಟ್ಟಿದ್ದಾನೆ. ಅಂಚು ಕಚ್ಚುಕಚ್ಚಾದ ಮೇಲಂಗಿ ತೊಡುತ್ತಿದ್ದ ಮಾಂಟೀತ್ ಎಂಬ ಒಬ್ಬ ಸ್ಕಾಟ್ಲೆಂಡಿನವನಿಂದ ಹೆಸರು ಬಂತಂತೆ. ಮುಂದೆ ಅಂಚನ್ನು ಕಳಚಿಡುವಂತೆ ಮಾಡಿದರು. ಅಂಚು ತೆಗೆದರೆ ಪಂಚ್ ಬೌಲ್, ಹಾಕಿದರೆ ಮಾಂಟೀತ್. ಇವೆಲ್ಲ ಮ್ಯೂಸಿಯಮ್ಮಿನಲ್ಲಿ ನೋಡಿ ಖುಷಿಪಡುವ ವಸ್ತುಗಳು. ಸಂಬಳದವರ ಕೈಗೆ ಎಟುಕುವುದಿಲ್ಲ.

ಎಟುಕುವವು ಬೇರೆ ಇವೆ. ಚಹಾದ ಜೊತೆ ಬಂದ ಸಕ್ಕರೆ ಬಟ್ಟಲು, ಲೋಟದ ತಳದ ಚರಟ ಸುರಿಯುವ ಸ್ಲಾಪ್ ಬೌಲ್, 1780ರ ದಶಕದ ಹಿಡಿಕೆ ತೂಗುವ ಸಕ್ಕರೆ ಬುಟ್ಟಿ. ಈ ಬುಟ್ಟಿಗೆ ತೂತುಗಳ ಚಿತ್ತಾರವಿದ್ದರೆ ಒಳಗೆ ಕಡುನೀಲಿ ಗಾಜಿನ ಬಟ್ಟಲು ಕೂರುತ್ತದೆ. ಆ ಕಾಲದ ಸಕ್ಕರೆ ಎಂದರೆ ಕೆರಿಬಿಯನ್ ದ್ವೀಪಗಳ ತೋಟಗಳಲ್ಲಿ ಗುಲಾಮರು ಬೆಳೆದದ್ದು. ನಾಜೂಕು ಬುಟ್ಟಿಯನ್ನು ಮೆಚ್ಚುವಾಗ ನನಗೆ ಇದೂ ನೆನಪಾಗುತ್ತದೆ. ಒಂದೇ ಹಿಡಿಯ, ಹಿಡಿಯಲ್ಲಿ ತೂತು ಕೊರೆದ ಚಿಕ್ಕ ಚಪ್ಪಟೆ ಬಟ್ಟಲೂ ಉಂಟು. ಅಮೆರಿಕದವರು ಅದನ್ನು ಪಾರಿಂಜರ್ ಎಂದರೆ ಇಂಗ್ಲೆಂಡಿನ ಸಂಗ್ರಾಹಕರು ‘ಬ್ಲೀಡಿಂಗ್ ಬೌಲ್’ ಎನ್ನುತ್ತಾರೆ, ರೋಗಿಯ ರಕ್ತ ಹಿಡಿಯುವ ಬಟ್ಟಲು ಎಂಬ ನಂಬಿಕೆಯಲ್ಲಿ. ಗಂಜಿ ಕುಡಿದವರೇ ಹೆಚ್ಚಿರಬೇಕೆಂದು ನನ್ನ ಗುಮಾನಿ.

ಹೊಸಬರಿಗೆ ನನ್ನ ಸಲಹೆ: 1890ರಿಂದ 1914ರವರೆಗಿನ ರೋಸ್ ಬೌಲ್ (ಹೂವು ಜೋಡಿಸಿಡುವ ಬಟ್ಟಲು) ಅಥವಾ ಸಾದಾ ಸಕ್ಕರೆ ಬಟ್ಟಲಿನಿಂದ ಶುರುಮಾಡಿ. ಬೇಕಾದಷ್ಟು ಸಿಗುತ್ತವೆ, ಮುದ್ರೆ ಸ್ಪಷ್ಟವಿರುತ್ತದೆ, ತಪ್ಪು ಮಾಡಿದರೂ ಮನೆ ಮುಳುಗುವುದಿಲ್ಲ. ಪಂದ್ಯದ ಬಹುಮಾನವಾಗಿ ಕೊಟ್ಟಿದ್ದರೆ ಮೈಮೇಲೆ ಬರಹ ಕೆತ್ತಿರುತ್ತದೆ. ಬರಹವಿದ್ದರೆ ಬೆಲೆ ಇಳಿಯುತ್ತದೆ, ನನಗಂತೂ ಅಂಥವೇ ಇಷ್ಟ. ಬಟ್ಟಲು ತನ್ನ ವಿಳಾಸ ತಾನೇ ಹೇಳುತ್ತದಲ್ಲ.

1660ಕ್ಕಿಂತ ಹಿಂದಿನದು ಸುಲಭವಾಗಿ ಸಿಕ್ಕಿತು ಎಂದು ಯಾರಾದರೂ ಹೇಳಿದರೆ ಅನುಮಾನಪಡಿ. 1640ರ ದಶಕದ ಅಂತರ್ಯುದ್ಧದಲ್ಲಿ ಸೈನಿಕರ ಸಂಬಳಕ್ಕೆಂದು ಇಂಗ್ಲೆಂಡಿನ ಬೆಳ್ಳಿ ರಾಶಿರಾಶಿಯಾಗಿ ಕರಗಿಹೋಯಿತು. ಕರಗಿಸುವ ಚಾಳಿ ಅಲ್ಲಿಗೆ ನಿಲ್ಲಲೂ ಇಲ್ಲ. 1980ರ ಜನವರಿಯಲ್ಲಿ ಬೆಳ್ಳಿಯ ದರ ಔನ್ಸಿಗೆ 50 ಡಾಲರಿನ ಹತ್ತಿರ ಮುಟ್ಟಿದಾಗ ಎಷ್ಟೋ ಒಳ್ಳೆಯ ಸಾಮಾನು ಮೂಸೆ ಸೇರಿತು.

ಮುದ್ರೆ ಓದುವುದು

ಚಿನ್ನದಂಗಡಿಯವರು ದಿನಕ್ಕೆ ನೂರು ಸಲ ಹೇಳುವ ‘ಹಾಲ್‌ಮಾರ್ಕ್’ ಪದ ಹುಟ್ಟಿದ್ದು ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಹಾಲ್ ಎಂಬ ಕಟ್ಟಡದಿಂದ. ಅಕ್ಕಸಾಲಿಗರು ಮಾಡಿದ ಮಾಲನ್ನು ಆ ‘ಹಾಲ್’ಗೆ ತಂದು ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಿಕೊಳ್ಳಬೇಕಿತ್ತು. ಇಂಗ್ಲಿಷ್ ಬೆಳ್ಳಿ ಮಾತಾಡುವುದು ಚಿತ್ರಗಳಲ್ಲಿ. ಇದೊಂದು ನೆನಪಿದ್ದರೆ ಅರ್ಧ ಮೋಸ ತಪ್ಪುತ್ತದೆ. ‘ಸ್ಟರ್ಲಿಂಗ್’ (ಸಾವಿರಕ್ಕೆ 925 ಪಾಲು ಶುದ್ಧವಾದ ಬೆಳ್ಳಿ) ಎಂದು ಅಕ್ಷರದಲ್ಲಿ ಬರೆದಿದ್ದರೆ ಅದು ಹೆಚ್ಚಾಗಿ ಅಮೆರಿಕದ್ದು. ಬರೀ ‘925’ ಎಂದಿದ್ದರೆ ಹೊಸದು, ಇಲ್ಲವೇ ಬೇರೆ ದೇಶದ್ದು. ‘ಇಪಿಎನ್‌ಎಸ್’ ಅಥವಾ ‘ಎ1’ ಎಂದಿದ್ದರೆ ಮುಲಾಮು, ಅಂದರೆ ಅಗ್ಗದ ಲೋಹದ ಮೇಲೆ ಬೆಳ್ಳಿಯ ಲೇಪ.

ನಿಜವಾದ ಬಟ್ಟಲಿನ ಸಾಲಿನಲ್ಲಿ ಸಾಮಾನ್ಯವಾಗಿ ನಾಲ್ಕೈದು ಗುರುತು ಇರುತ್ತವೆ. ನಡೆಯುವ ಸಿಂಹ 1544ರಿಂದ ಬಂದದ್ದು, ಸಾವಿರಕ್ಕೆ 925 ಪಾಲು ಶುದ್ಧ ಬೆಳ್ಳಿ ಎಂಬ ಭರವಸೆ. ಊರಿನ ಗುರುತು ಇನ್ನೊಂದು: ಲಂಡನ್ನಿಗೆ ಚಿರತೆಯ ಮುಖ, ಬರ್ಮಿಂಗ್‌ಹ್ಯಾಮಿಗೆ ಲಂಗರು, ಶೆಫೀಲ್ಡಿಗೆ (1974ರವರೆಗೆ) ಕಿರೀಟ. ಸಮುದ್ರವೇ ಇಲ್ಲದ ಬರ್ಮಿಂಗ್‌ಹ್ಯಾಮಿಗೆ ಲಂಗರು ಯಾಕೆ? 1773ರಲ್ಲಿ ಎರಡೂ ಊರಿನವರು ತಮಗೆ ಪರೀಕ್ಷಾ ಕಚೇರಿ ಬೇಕೆಂದು ಲಂಡನ್ನಿಗೆ ಹೋಗಿದ್ದಾಗ ‘ಕ್ರೌನ್ ಅಂಡ್ ಆಂಕರ್’ ಎಂಬ ಹೋಟೆಲಿನಲ್ಲಿ ಸೇರುತ್ತಿದ್ದರಂತೆ, ನಾಣ್ಯ ಚಿಮ್ಮಿ ಹಂಚಿಕೊಂಡರಂತೆ. ಕಥೆಯೇ ಇರಬಹುದು, ಗುರುತು ನೆನಪಿಡಲು ಮಾತ್ರ ಚೆನ್ನಾಗಿದೆ. ಎಕ್ಸೆಟರ್, ನ್ಯೂಕಾಸಲ್, ಯಾರ್ಕ್, ಚೆಸ್ಟರ್ ಕಚೇರಿಗಳು ಒಂದೊಂದಾಗಿ ಮುಚ್ಚಿದವು. ಚೆಸ್ಟರ್ 1962ರವರೆಗೂ ಉಳಿದಿತ್ತು. ಸಣ್ಣ ಊರಿನ ಮುದ್ರೆಗೆ ಸಂಗ್ರಾಹಕರು ಹೆಚ್ಚು ಕೊಡುತ್ತಾರೆ.

ಮೂರನೆಯದು ಮಾಡಿದವರ ಹೆಸರಿನ ಮೊದಲಕ್ಷರಗಳು. ನಾಲ್ಕನೆಯದು ವರ್ಷದ ಅಕ್ಷರ, ಎಲ್ಲರೂ ಎಡವುವುದು ಇಲ್ಲೇ. ಲಂಡನ್ನಿನವರು ಇಂಗ್ಲಿಷ್ ವರ್ಣಮಾಲೆಯ ಎ-ಯಿಂದ ಯು-ವರೆಗೆ, ಜೆ ಬಿಟ್ಟು, 20 ಅಕ್ಷರ ಬಳಸುತ್ತಿದ್ದರು. ವರ್ಷಕ್ಕೊಂದು ಅಕ್ಷರ, 20 ವರ್ಷಕ್ಕೊಂದು ಸುತ್ತು. ಹದಿನೆಂಟು, ಹತ್ತೊಂಬತ್ತನೇ ಶತಮಾನದಲ್ಲಿ ಪ್ರತಿ ಸುತ್ತೂ 6ರಲ್ಲಿ ಕೊನೆಗೊಳ್ಳುವ ವರ್ಷಕ್ಕೆ ಶುರುವಾಗುತ್ತದೆ: 1716, 1736, 1756, 1776, 1796, ಹೀಗೆ. ಅಕ್ಷರ ಬದಲಾಗುತ್ತಿದ್ದದ್ದು ಜನವರಿಯಲ್ಲಲ್ಲ, ಮೇ ತಿಂಗಳಲ್ಲಿ. ಹಾಗಾಗಿ ಒಂದು ಅಕ್ಷರ ಎರಡು ವರ್ಷಗಳ ಮೇಲೆ ಕಾಲು ಚಾಚಿರುತ್ತದೆ. ಬರ್ಮಿಂಗ್‌ಹ್ಯಾಮ್, ಶೆಫೀಲ್ಡುಗಳ ಲೆಕ್ಕವೇ ಬೇರೆ, ಅದಕ್ಕೆ ಮುದ್ರೆಗಳ ಜೇಬುಪುಸ್ತಕ ಸಂಗಡ ಇರಲೇಬೇಕು.

ಒಂದು ಉದಾಹರಣೆ ಹಿಡಿದು ನೋಡೋಣ. ನಿಮ್ಮ ಕೈಲಿ ಲಂಡನ್ನಿನ ಸಕ್ಕರೆ ಬುಟ್ಟಿ ಇದೆ, ಅದರಲ್ಲಿ ಇಂಗ್ಲಿಷಿನ ಚಿಕ್ಕ ‘ಕೆ’ ಅಕ್ಷರ, ಮಾಮೂಲಿ ಅಚ್ಚಿನ ರೂಪದಲ್ಲಿ. ಜೆ ಇಲ್ಲದ್ದರಿಂದ ಕೆ ಹತ್ತನೆಯದು. 1776ರ ಸುತ್ತಾದರೆ 1785. ಆದರೆ 1816ರ ಸುತ್ತಿನಲ್ಲೂ ಚಿಕ್ಕ ಅಕ್ಷರಗಳೇ, ಅಲ್ಲಿ ಅದು 1825. 1896ರ ಸುತ್ತಿನಲ್ಲಿ 1905. (1736ರ ಸುತ್ತೂ ಚಿಕ್ಕ ಅಕ್ಷರದ್ದೇ, ಆದರೆ ಇಂಥ ಬುಟ್ಟಿಗೆ 1745 ತೀರಾ ಬೇಗ.) ಮೂರು ಕಾಲ, ಮೂರು ಬೆಲೆ. ಯಾವುದು?

ಪಕ್ಕದ ಗುರುತುಗಳನ್ನು ಕೇಳಿ. 1784ರ ಡಿಸೆಂಬರಿನಿಂದ 1890ರವರೆಗೆ ಬೆಳ್ಳಿಗೆ ಸುಂಕ ಕಟ್ಟಿದ ಗುರುತಾಗಿ ರಾಜ ಅಥವಾ ರಾಣಿಯ ತಲೆ ಒತ್ತುತ್ತಿದ್ದರು. ತಲೆಯೇ ಇಲ್ಲದಿದ್ದರೆ 1905. ತಲೆ ಇದ್ದರೆ ಚಿರತೆಯ ಮುಖ ನೋಡಿ: ಕಿರೀಟವಿದ್ದರೆ 1821ಕ್ಕೆ ಮುಂಚೆ, ಬೋಳುತಲೆಯಾದರೆ ಆಮೇಲೆ. ಸಿಂಹವೂ ಸಾಕ್ಷಿ ಹೇಳುತ್ತದೆ. 1821ರವರೆಗೆ ಅದು ನಡೆಯುತ್ತ ನಿಮ್ಮ ಕಡೆ ಮುಖ ತಿರುಗಿಸಿರುತ್ತದೆ, ಆಮೇಲೆ ನೇರ ಮುಂದಕ್ಕೆ ನೋಡುತ್ತದೆ. ಇನ್ನೊಂದು ಸೂಕ್ಷ್ಮವಿದೆ. 1784ರಿಂದ 1786ರವರೆಗೆ ಮಾತ್ರ ರಾಜನ ತಲೆ ಉಬ್ಬಿರದೆ ಒಳಕ್ಕೆ ಕೊರೆದಂತೆ ಕಾಣುತ್ತದೆ. ಕಿರೀಟದ ಚಿರತೆ, ಮುಖ ತಿರುಗಿಸಿದ ಸಿಂಹ, ಒಳಕೊರೆದ ತಲೆ, ಚಿಕ್ಕ ಕೆ: 1785, ಅನುಮಾನವೇ ಬೇಡ. ಪಕ್ಕದಲ್ಲಿ ಬಳುಕುವ ಬರಹದಲ್ಲಿ ‘ಎಚ್‌ಬಿ’ ಇದ್ದರೆ ಅದು ಹೆಸ್ಟರ್ ಬೇಟ್‌ಮನ್ ಎಂಬ ಹೆಂಗಸಿನದು. ಗಂಡ ತೀರಿಕೊಂಡ ಮೇಲೆ 1761ರಲ್ಲಿ ತನ್ನದೇ ಮುದ್ರೆ ನೋಂದಾಯಿಸಿ, ಮಕ್ಕಳನ್ನು ಕಟ್ಟಿಕೊಂಡು ದೊಡ್ಡ ಕಾರ್ಖಾನೆಯನ್ನೇ ನಡೆಸಿದಾಕೆ. ಅವಳ ಹೆಸರಿಗೆ ಜನ ಹೆಚ್ಚು ಕೊಡುತ್ತಾರೆ. ತೆಳು ತಗಡಿನ ಕೆಲಸವೂ ಅವಳಲ್ಲಿ ಬೇಕಾದಷ್ಟಿದೆ, ಹೆಸರು ನೋಡಿ ಕಣ್ಣು ಮುಚ್ಚಬೇಡಿ.

1697ರಿಂದ 1720ರವರೆಗೆ ಸಿಂಹ ಕಾಣದಿದ್ದರೆ ಗಾಬರಿ ಬೇಡ. ನಾಣ್ಯ ಕರಗಿಸಿ ಪಾತ್ರೆ ಮಾಡುವುದನ್ನು ತಡೆಯಲು ಆಗ ಪಾತ್ರೆಯ ಬೆಳ್ಳಿ ನಾಣ್ಯಕ್ಕಿಂತ ಶುದ್ಧವಿರಬೇಕೆಂದು ಕಟ್ಟು ಮಾಡಿದರು, ಶೇ. 95.84. ಗುರುತು ಕುಳಿತ ಹೆಂಗಸು, ಅಂದರೆ ಬ್ರಿಟಾನಿಯಾ. ಹೋಲಿಕೆಗೆ ಹೇಳುವುದಾದರೆ, ಮೆತ್ತಗಿನ ಈ ಬೆಳ್ಳಿಯ ಬಟ್ಟಲುಗಳು ಬೆಣ್ಣೆ ತಟ್ಟಿದಂತೆ ಸಾದಾ, ದಪ್ಪ, ಸುಂದರ.

ಮುದ್ರೆ ನಿಜ, ಬಟ್ಟಲು ಸುಳ್ಳು

ಮುದ್ರೆ ಓದಲು ಕಲಿತವರು ಬೀಳುವ ಹಳ್ಳ ಇದು. ಮುದ್ರೆ ಅಪ್ಪಟವಾಗಿದ್ದೂ ಬಟ್ಟಲು ಸುಳ್ಳಾಗಿರಬಹುದು.

1720ರಲ್ಲಿ ಔನ್ಸಿಗೆ ಆರು ಪೆನ್ಸ್ ಸುಂಕ ಹಾಕಿದಾಗ ಅಕ್ಕಸಾಲಿಗರು ದಾರಿ ಹುಡುಕಿದರು. ಒಂದು ಚಿಕ್ಕ ಸಾಮಾನು ಕಳಿಸಿ, ಅದಕ್ಕಷ್ಟೇ ಸುಂಕ ಕಟ್ಟಿ ಮುದ್ರೆ ಹಾಕಿಸಿಕೊಳ್ಳುವುದು, ಮುದ್ರೆಯಿರುವ ಬಿಲ್ಲೆಯನ್ನು ಕತ್ತರಿಸಿ ದೊಡ್ಡ ಬಟ್ಟಲಿನ ತಳಕ್ಕೆ ಬೆಸೆಯುವುದು. ಪಾದದ ಬಳೆಯ ಒಳಗೆ ಬೆಸೆದರೆ ಯಾರಿಗೆ ಕಾಣುತ್ತದೆ? ಆ ಕಾಲದ ಮಹಾ ಕುಶಲಿ, ಹ್ಯೂಗನಾಟ್ (ಫ್ರೆಂಚ್ ಪ್ರಾಟೆಸ್ಟಂಟ್) ವಲಸಿಗ ಪಾಲ್ ಡಿ ಲಾಮೆರಿಯ ಹೆಸರೂ ಈ ಆಟದಲ್ಲಿ ಕೇಳಿಬರುತ್ತದೆ. ಇವನ್ನು ‘ಡ್ಯೂಟಿ ಡಾಡ್ಜರ್’ ಎನ್ನುತ್ತಾರೆ, ಕಾಲದ್ದೇ ಕಳ್ಳತನವಾದ್ದರಿಂದ ಇವಕ್ಕೂ ಅಭಿಮಾನಿಗಳಿದ್ದಾರೆ. ನಂತರದ ಮೋಸಗಾರರು ಇದೇ ಉಪಾಯವನ್ನು ಹೊಸ ಬಟ್ಟಲಿಗೆ ಹಳೆ ಚಮಚದ ಮುದ್ರೆ ಬೆಸೆಯಲು ಬಳಸಿದರು.

ಹಿಡಿಯುವುದು ಹೇಗೆ? ಕನ್ನಡಕ ಒರೆಸುವ ಮುಂಚೆ ‘ಹಾ’ ಎಂದು ಉಸಿರು ಬಿಡುತ್ತೀರಲ್ಲ, ಹಾಗೇ ಮುದ್ರೆಯ ಸುತ್ತ ಬಿಡಿ. ಆವಿ ಕೂತು ಆರುವ ಎರಡು ಕ್ಷಣದಲ್ಲಿ ಬೆಸುಗೆಯ ಗೆರೆ ಬೇರೆ ಬಣ್ಣದಲ್ಲಿ ಮಿಂಚಿ ಮಾಯವಾಗುತ್ತದೆ. ಯಾವ ಯಂತ್ರವೂ ಬೇಡ. ಅಂಗಡಿಯವನ ಮುಂದೆ ಬೆಳ್ಳಿ ಬಟ್ಟಲಿಗೆ ಉಸಿರೂದುತ್ತ ನಿಂತರೆ ಅವನು ನಗುವುದಿಲ್ಲ. ಅವನೂ ಕೊಳ್ಳುವಾಗ ಅದನ್ನೇ ಮಾಡಿರುತ್ತಾನೆ.

ಆಮೇಲೆ ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ. ಹದಿನೆಂಟನೇ ಶತಮಾನದ ಬಟ್ಟಲನ್ನು ಚಪ್ಪಟೆ ಬಿಲ್ಲೆಯಿಂದ ಬಡಿದು ಬಡಿದು ಎಬ್ಬಿಸುತ್ತಿದ್ದರು. ಅಳತೆಗೆ ಕೈವಾರದ ಮುಳ್ಳು ಊರಿದ ಚುಕ್ಕೆ ತಳದ ನಡುವೆ ಉಳಿದಿರುತ್ತದೆ, ಬೆರಳಿಗೂ ಸಿಗುತ್ತದೆ. ಸುತ್ತಿಗೆಯ ಗುರುತನ್ನು ಮಾತ್ರ ಅವರು ನಯವಾಗಿ ತಟ್ಟಿ ಅಳಿಸುತ್ತಿದ್ದರು, ಕಂಡರೆ ನಾಚಿಕೆ ಅವರಿಗೆ. ಸುತ್ತಿಗೆಯ ಹಳ್ಳಗಳು ಎದ್ದು ಕಾಣುವ ಬಟ್ಟಲು ‘ಬಹಳ ಹಳೆಯದು’ ಎಂದು ತಿಳಿಯುವುದು ಹೊಸಬರ ತಪ್ಪು. ಹಾಗೆ ಬೇಕೆಂದೇ ಉಳಿಸಿದ್ದು 1890ರ ನಂತರದ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಪಂಥದವರು. 1888ರಲ್ಲಿ ಗಿಲ್ಡ್ ಆಫ್ ಹ್ಯಾಂಡಿಕ್ರಾಫ್ಟ್ ಕಟ್ಟಿದ ಸಿ. ಆರ್. ಆಶ್‌ಬಿ, ಆಮೇಲೆ ಒಮರ್ ರ‍್ಯಾಮ್ಸ್‌ಡನ್ ಇವರೆಲ್ಲ ಯಂತ್ರದ ನುಣುಪಿಗೆ ರೋಸಿ ಕೈಗುರುತನ್ನೇ ಅಲಂಕಾರ ಮಾಡಿದರು. ಆಶ್‌ಬಿಯ ಉದ್ದ ತಂತಿ ಹಿಡಿಕೆಯ ಬಟ್ಟಲು ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ.

ಚಿತ್ತಾರದ ನಡುವೆ ಖಾಲಿ ಜಾಗವಿದ್ದರೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಅಲ್ಲಿ ಮಾತ್ರ ತಗಡು ತೆಳುವಾಗಿ ಜಗ್ಗಿದರೆ ಹಿಂದಿನ ಮನೆತನದ ಲಾಂಛನ ಅಥವಾ ಬರಹ ಉಜ್ಜಿ ತೆಗೆದಿದ್ದಾರೆ ಎಂದರ್ಥ. ಅದರ ಮೇಲೆ ಹೊಸದಾಗಿ ‘ಹಳೆ’ ಲಾಂಛನ ಕೆತ್ತಿಸುವವರೂ ಉಂಟು. ಬಟ್ಟಲೆಲ್ಲ ಸವೆದು ಲಾಂಛನ ಮಾತ್ರ ಬ್ಲೇಡಿನಂತೆ ಚೂಪಾಗಿದ್ದರೆ ಅದು ನಿನ್ನೆಯದು. ಮುಚ್ಚಳವಿದ್ದರೆ ಅದಕ್ಕೂ ಮುದ್ರೆ ಬೇಕು, ಬಟ್ಟಲಿನದಕ್ಕೆ ಹೊಂದಬೇಕು. ಬೇರೆ ಬೇರೆ ಬಟ್ಟಲಿನ ಮುಚ್ಚಳ ಕೂಡಿಸಿದ್ದಕ್ಕೆ ವ್ಯಾಪಾರಿಗಳು ‘ಮ್ಯಾರೇಜ್’ ಎನ್ನುತ್ತಾರೆ. ಜಾತಕ ಕೂಡದ ಮದುವೆ.

ಬೆಳ್ಳಿಯ ಬಣ್ಣವೂ ಮಾತಾಡುತ್ತದೆ. ಸ್ಟರ್ಲಿಂಗಿನಲ್ಲಿರುವ ತಾಮ್ರ ಕುಲುಮೆಯ ಬಿಸಿಗೆ ಒಳಗೊಳಗೇ ಸುಟ್ಟು ಬೂದುನೇರಳೆ ಮೋಡದಂಥ ಕಲೆ ಬಿಡುತ್ತದೆ. ಇದೇ ಫೈರ್‌ಸ್ಟೇನ್. ಮನೆಯವರು ‘ಕಪ್ಪಿದೆ, ಬೇಡ’ ಎನ್ನುತ್ತಾರೆ, ಸಂಗ್ರಾಹಕ ‘ಸದ್ಯ, ಯಾರೂ ಕೈಹಾಕಿಲ್ಲ’ ಎಂದು ನಿಟ್ಟುಸಿರು ಬಿಡುತ್ತಾನೆ. ಹಾಲುಬಿಳುಪಿನ, ಕಲೆಯೇ ಇಲ್ಲದ ಹಳೆ ಬಟ್ಟಲು ಕಂಡರೆ ರಿಪೇರಿ ಮುಚ್ಚಲು ಹೊಸದಾಗಿ ಬೆಳ್ಳಿ ನೀರು ಕುಡಿಸಿದ್ದಾರೆಯೇ ಎಂದು ಕೇಳಿ.

ತಕ್ಕಡಿಗೂ ಒಂದು ಕೆಲಸವಿದೆ

ತೂಕ ಬೇಡ ಎಂದೆನಲ್ಲ, ಬೆಲೆ ಕಟ್ಟಲು ಬೇಡ. ಪತ್ತೇದಾರಿಗೆ ಬೇಕು. ಹದಿನೆಂಟನೇ ಶತಮಾನದ ಎಷ್ಟೋ ಬಟ್ಟಲುಗಳ ತಳದಲ್ಲಿ ಸೂಜಿಯಿಂದ ಗೀಚಿದ ಅಂಕಿಗಳಿರುತ್ತವೆ, ಉದಾಹರಣೆಗೆ 22 ಮತ್ತು 10. ಅದು ಅಂದಿನ ತೂಕ: 22 ಟ್ರಾಯ್ ಔನ್ಸ್, 10 ಪೆನ್ನಿವೇಟ್. 20 ಪೆನ್ನಿವೇಟಿಗೆ ಒಂದು ಔನ್ಸ್, ಒಂದು ಔನ್ಸಿಗೆ 31.1 ಗ್ರಾಂ. ಅಂದರೆ ಸುಮಾರು 700 ಗ್ರಾಂ. ತೊಲದ ಲೆಕ್ಕ ಬಲ್ಲವರಿಗೆ ಇನ್ನೂ ಸುಲಭ, ಮೂರು ಟ್ರಾಯ್ ಔನ್ಸ್ ಎಂದರೆ ಸರಿಯಾಗಿ ಎಂಟು ತೊಲ. ಈ ಬಟ್ಟಲು 60 ತೊಲ.

ಈಗ ತಕ್ಕಡಿಗಿಡಿ. 680 ಗ್ರಾಂ ಬಂದರೆ ಸಂತೋಷ, ಇನ್ನೂರೈವತ್ತು ವರ್ಷ ಉಜ್ಜಿದ ಸವಕಳಿ. 610 ಬಂದರೆ ಏನೋ ಕಳೆದುಹೋಗಿದೆ: ಹಿಡಿಕೆಯೋ, ಅಂಚೋ, ಮುಚ್ಚಳವೋ. 760 ಬಂದರೆ ಆಮೇಲೆ ಯಾರೋ ಏನೋ ಸೇರಿಸಿದ್ದಾರೆ, ಬಹುಶಃ ಪಾದ. ಯಾವನೋ ಅನಾಮಿಕ ಗುಮಾಸ್ತ ಗೀಚಿದ ನಾಲ್ಕು ಅಂಕಿ ಇವತ್ತಿನ ಮಾರಾಟಗಾರನ ಅರ್ಧ ಗಂಟೆಯ ಮಾತನ್ನು ಸುಳ್ಳು ಮಾಡಬಲ್ಲದು.

ಮುಲಾಮು ಯಾವುದು, ಬೆಳ್ಳಿ ಯಾವುದು

1740ರ ದಶಕದ ಆರಂಭದಲ್ಲಿ ಶೆಫೀಲ್ಡಿನ ಥಾಮಸ್ ಬೋಲ್ಸೋವರ್ ತಾಮ್ರದ ಮೇಲೆ ಬೆಳ್ಳಿ ತಗಡು ಬೆಸೆದು ಒಟ್ಟಿಗೇ ಲಟ್ಟಿಸುವುದು ಕಂಡುಹಿಡಿದ. ಇದು ಓಲ್ಡ್ ಶೆಫೀಲ್ಡ್ ಪ್ಲೇಟ್. ಸವೆದ ಕಡೆ ತಾಮ್ರದ ಕೆಂಪು ಇಣುಕುತ್ತದೆ, ಅಂಚಿಗೆ ಬೆಳ್ಳಿ ತಂತಿ ಹೊಲಿದಂತೆ ಮಡಿಸಿರುತ್ತಾರೆ. ಲಾಂಛನ ಕೆತ್ತಿದರೆ ತಾಮ್ರ ಕಾಣುತ್ತದೆಂದು ಅಲ್ಲಿಗೊಂದು ಅಪ್ಪಟ ಬೆಳ್ಳಿಯ ತುಂಡು ಕೂರಿಸುತ್ತಿದ್ದರು. ಉಸಿರೂದಿದಾಗ ಇದರಲ್ಲೂ ಗೆರೆ ಮೂಡುತ್ತದೆ, ಇಲ್ಲಿ ಅದು ಒಳ್ಳೆಯ ಲಕ್ಷಣ! ಹಳೆಯ ಶೆಫೀಲ್ಡ್ ಪ್ಲೇಟನ್ನು ನಾನು ಕೀಳೆನ್ನುವುದಿಲ್ಲ, ಅದಕ್ಕೆ ಅದರದೇ ಘನತೆ ಇದೆ.

1840ರಲ್ಲಿ ಎಲ್ಕಿಂಗ್‌ಟನ್ ಕಂಪನಿ ವಿದ್ಯುತ್ ಮುಲಾಮಿನ ಪೇಟೆಂಟ್ ಪಡೆದ ಮೇಲೆ ಅಗ್ಗದ ಮಾಲು ಪ್ರವಾಹವಾಯಿತು. ಇವುಗಳಲ್ಲಿ ತಯಾರಕರ ಅಕ್ಷರಗಳನ್ನು ಗುರಾಣಿಯಾಕಾರದ ಚೌಕಟ್ಟುಗಳಲ್ಲಿ ಹಾಲ್‌ಮಾರ್ಕಿನಂತೆಯೇ ಸಾಲಾಗಿ ಒತ್ತಿರುತ್ತಾರೆ. ಕೊಡಗು, ಚಿಕ್ಕಮಗಳೂರಿನ ಹಳೆಯ ಪ್ಲಾಂಟರ್ ಮನೆಗಳಲ್ಲಿ, ಕ್ಲಬ್ಬಿನ ಗಾಜಿನ ಕಪಾಟುಗಳಲ್ಲಿ ಕಾಣುವ ‘ಇಂಗ್ಲಿಷ್ ಬೆಳ್ಳಿ’ ಎಷ್ಟೋ ಸಲ ಇದೇ. ಸಿಂಹ ಇದೆಯೇ ನೋಡಿ, ಇಲ್ಲದಿದ್ದರೆ ಮುಗಿಯಿತು. ಇನ್ನೊಂದು ಗೊಂದಲ: ಮದ್ರಾಸಿನ ಪಿ. ಓರ್ ಅಂಡ್ ಸನ್ಸ್, ಕಲ್ಕತ್ತೆಯ ಹ್ಯಾಮಿಲ್ಟನ್ ಮುಂತಾದವರು ಇಲ್ಲೇ ಮಾಡಿಸಿ ಮಾರಿದ ಬೆಳ್ಳಿ. ಅದು ನಿಜವಾದ ಬೆಳ್ಳಿಯೇ, ಸಂಗ್ರಹಕ್ಕೆ ಯೋಗ್ಯವೇ, ಆದರೆ ಇಂಗ್ಲೆಂಡಿನ ಪರೀಕ್ಷಾ ಮುದ್ರೆ ಅದಕ್ಕಿಲ್ಲ. ಸ್ವಾಮಿ ಮಾದರಿ ಎಂದು ಹೆಸರಾದ, ಮೈಮೇಲೆಲ್ಲ ದೇವರುಗಳಿರುವ ಮದ್ರಾಸಿನ ಬಟ್ಟಲುಗಳಿಗೆ ಬೇರೆಯದೇ ಮಾರುಕಟ್ಟೆ ಇದೆ.

ಊರಿನ ಅಕ್ಕಸಾಲಿಗರಿಗೆ ತೋರಿಸುವಾಗ ಒಂದು ಎಚ್ಚರಿಕೆ. ‘ಸ್ವಲ್ಪ ಉಜ್ಜಿ ಆ್ಯಸಿಡ್ ಹಾಕಿ ನೋಡ್ತೀನಿ’ ಎಂದರೆ ಬಟ್ಟಲನ್ನು ಕೈಯಿಂದ ಕಿತ್ತುಕೊಳ್ಳಿ. ಎಕ್ಸ್‌ರೇ ಯಂತ್ರದಲ್ಲಿ ಇಟ್ಟು ನೋಡಿದರೆ ಗಾಯವಾಗುವುದಿಲ್ಲ, ಆದರೆ ಅದು ಹೇಳುವುದು ಮೇಲ್ಮೈಯ ಮಾತು. ಮುಲಾಮು ದಪ್ಪವಿದ್ದರೆ ಮೋಸಹೋಗುತ್ತದೆ.

ಎಲ್ಲಿ ನೋಡಬೇಕು, ಎಲ್ಲಿ ಕೊಳ್ಳಬೇಕು

ಕೊಳ್ಳುವ ಮೊದಲು ಮೂರು ತಿಂಗಳು ಬರೀ ನೋಡಿ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಬೆಳ್ಳಿ ವಿಭಾಗಕ್ಕೆ ಟಿಕೆಟಿಲ್ಲ. ಗಾಜಿನಾಚೆಯದನ್ನು ಮುಟ್ಟಲಾಗದು ಎಂಬುದೊಂದೇ ಕೊರಗು. ಮುಟ್ಟಬೇಕೆಂದರೆ ಚಾನ್ಸರಿ ಲೇನ್‌ನ ನೆಲದಡಿಯ ಸಿಲ್ವರ್ ವಾಲ್ಟ್ಸ್‌ಗೆ ಹೋಗಿ. ದಪ್ಪ ಕಬ್ಬಿಣದ ಬಾಗಿಲುಗಳ ಹಿಂದೆ ಸಾಲು ಅಂಗಡಿಗಳು. ‘ಕಲಿಯುತ್ತಿದ್ದೇನೆ, ಇವತ್ತು ಕೊಳ್ಳುವುದಿಲ್ಲ’ ಎಂದು ನೇರವಾಗಿ ಹೇಳಿದರೆ ಹೆಚ್ಚಿನವರು ಬಿಡುವಿದ್ದಾಗ ಪ್ರೀತಿಯಿಂದ ತೋರಿಸುತ್ತಾರೆ. ಹರಾಜಿನ ಹಿಂದಿನ ದಿನದ ವೀಕ್ಷಣೆ ಇನ್ನೂ ಒಳ್ಳೆಯ ಶಾಲೆ, ಅಲ್ಲಿ ಏನನ್ನು ಬೇಕಾದರೂ ಎತ್ತಿ ಬೋರಲು ಹಾಕಬಹುದು.

ಹರಾಜಿನಲ್ಲಿ ಕೂಗಿದ ಬೆಲೆ ಕೊಡುವ ಬೆಲೆಯಲ್ಲ. ಅದರ ಮೇಲೆ ಹರಾಜು ಸಂಸ್ಥೆಯ ಕಮಿಷನ್ ಶೇ. 25ರ ಆಸುಪಾಸಿಗೆ ಬರುತ್ತದೆ, ಕಮಿಷನ್ನಿನ ಮೇಲೆ ತೆರಿಗೆ, ಆಮೇಲೆ ಸಾಗಣೆ. ಮೊದಲೇ ಕೂಡಿ ಕಾಗದದಲ್ಲಿ ಬರೆದಿಟ್ಟುಕೊಂಡು ಅದರಾಚೆ ಕೈ ಎತ್ತಬೇಡಿ. ಕ್ಯಾಟಲಾಗಿನ ಭಾಷೆಯನ್ನೂ ಬಿಡಿಸಿ ಓದಬೇಕು. ‘ಲೇಟರ್ ಚೇಸ್ಡ್’ ಎಂದರೆ ನನ್ನ ಗುಲಾಬಿ ಬಟ್ಟಲಿನ ಕಥೆ. ‘ಮಾರ್ಕ್ಸ್ ರಬ್ಡ್’ ಎಂದರೆ ಮುದ್ರೆ ಓದಲಾಗದು. ‘ಅಸೋಸಿಯೇಟೆಡ್ ಕವರ್’ ಎಂದರೆ ಆ ಮ್ಯಾರೇಜ್. ‘ಜಾರ್ಜಿಯನ್ ಸ್ಟೈಲ್’ ಎಂದರೆ ಜಾರ್ಜಿಯನ್, ಅಂದರೆ ಜಾರ್ಜ್ ದೊರೆಗಳ ಕಾಲದ್ದು, ಅಲ್ಲ.

ದೂರದಿಂದ ಕೊಳ್ಳುವವರು ಮಾರಾಟಗಾರರಿಗೆ ಬರೆದು ಇಷ್ಟು ಕೇಳಿ: ಮುದ್ರೆಯ ಹತ್ತಿರದ ಚಿತ್ರ, ಪಾದದ ಒಳಗಿನ ಚಿತ್ರ, ಗ್ರಾಂ ತೂಕ, ಗೀಚು ತೂಕವಿದ್ದರೆ ಅದರ ಚಿತ್ರ, ರಿಪೇರಿ ಅಥವಾ ಅಳಿಸಿದ ಬರಹ ಇದೆಯೇ ಎಂಬುದಕ್ಕೆ ಹೌದು-ಇಲ್ಲ ಉತ್ತರ. ಉತ್ತರ ಸುತ್ತಿಬಳಸಿ ಬಂದರೆ ಬಿಟ್ಟುಬಿಡಿ. ಬ್ರಿಟನ್ನಿನಲ್ಲಿ 1973ರ ಹಾಲ್‌ಮಾರ್ಕಿಂಗ್ ಕಾಯ್ದೆ ಇದೆ, ಮುದ್ರೆಯ ಮೋಸ ಅಲ್ಲಿ ಅಪರಾಧ. ಅನುಮಾನದ ಸಾಮಾನು ಪರೀಕ್ಷಿಸಲೆಂದೇ ಗೋಲ್ಡ್‌ಸ್ಮಿತ್ಸ್ ಕಂಪನಿಯ ಬಳಿ ತಜ್ಞರ ಸಮಿತಿಯೂ ಇದೆ.

ಭಾರತಕ್ಕೆ ತರುವುದಾದರೆ ವಿಮಾನ ನಿಲ್ದಾಣದಲ್ಲಿ ಕೆಂಪು ದಾರಿ ಹಿಡಿದು ಘೋಷಿಸಿ. ಬಿಲ್ಲಿನಲ್ಲಿ ಊರು, ವರ್ಷ, ತೂಕ ಸ್ಪಷ್ಟವಾಗಿರಲಿ. ದೊಡ್ಡ ಬೆಲೆಯದಾದರೆ ಮೊದಲೇ ಕಸ್ಟಮ್ಸ್ ಏಜೆಂಟರನ್ನು ಕೇಳುವುದು ಲೇಸು. ಅನೇಕರಿಗೆ ತಿಳಿಯದ್ದು ಇನ್ನೊಂದಿದೆ. ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಹೊರದೇಶಕ್ಕೆ ಒಯ್ಯಲು ಕಟ್ಟುನಿಟ್ಟು ಇದೆ. ಬಟ್ಟಲು ಹೊರಗಿನಿಂದ ಬಂದದ್ದೇ ಎಂದು ತೋರಿಸುವ ಕಾಗದ ಇಲ್ಲದೆ, ಹತ್ತು ವರ್ಷದ ನಂತರ ಅದನ್ನು ಮತ್ತೆ ವಿದೇಶದ ಮಗಳ ಮನೆಗೆ ಕಳಿಸಹೊರಟರೆ ಪುರಾತತ್ವ ಇಲಾಖೆಯ ಬಾಗಿಲು ಕಾಯಬೇಕಾದೀತು.

ಮನೆಗೆ ಬಂದ ಮೇಲೆ

ಅಮ್ಮ ಶಿವಮೊಗ್ಗದಿಂದ ಬಂದಿದ್ದಾಗ, ಕಪ್ಪಾಗಿದ್ದ ನನ್ನ 1905ರ ರೋಸ್ ಬೌಲನ್ನು ಕಂಡು ‘ಏನಿದು, ತೊಳೆಯೋರೇ ಇಲ್ವಾ’ ಎಂದು ಹುಣಸೆಹಣ್ಣು, ವಿಭೂತಿ ಹಚ್ಚಿ ತಿಕ್ಕಿ ಕೊಟ್ಟಳು. ಹೊಳೆಯಿತು, ದೇವರ ದೀಪದ ಹಾಗೆ ಹೊಳೆಯಿತು. ಉಬ್ಬುಗೆರೆಗಳ ಸಂದಿಯಲ್ಲಿ ನೂರು ವರ್ಷ ಕೂತಿದ್ದ ನೆರಳು ಒಂದು ಬೆಳಿಗ್ಗೆಯಲ್ಲಿ ಹೋಗಿ, ಬಟ್ಟಲು ನಿನ್ನೆ ಎರಕ ಹೊಯ್ದಂತೆ ಚಪ್ಪಟೆಯಾಗಿ ಕಂಡಿತು. ಅವಳಿಗೆ ಹೇಳಲಿಲ್ಲ.

ಹುಳಿ, ಬೂದಿ, ಟೂತ್‌ಪೇಸ್ಟ್, ರಂಗೋಲಿ ಪುಡಿ, ಅದ್ದಿ ತೆಗೆಯುವ ದ್ರಾವಣ, ಅಲ್ಯುಮಿನಿಯಂ ಹಾಳೆ-ಸೋಡಾದ ಜಾದೂ ಯಾವುದೂ ಬೇಡ. ಉಗುರುಬೆಚ್ಚಗಿನ ನೀರು, ಎರಡು ಹನಿ ಸೌಮ್ಯ ಸೋಪು, ಮೆತ್ತನೆ ಹತ್ತಿ ಬಟ್ಟೆ. ತೊಳೆದು ಕೂಡಲೇ ಒರೆಸಿ. ವರ್ಷಕ್ಕೊಮ್ಮೆ ಬೆಳ್ಳಿಗೆಂದೇ ಮಾಡಿದ ಪಾಲಿಶ್ ಬಟ್ಟೆಯಿಂದ ಹಗುರವಾಗಿ ಸವರಿದರೆ ಹೆಚ್ಚು. ಉಜ್ಜಿದಾಗಲೆಲ್ಲ ಒಂದಿಷ್ಟು ಬೆಳ್ಳಿ ಬಟ್ಟೆಗೆ ಹೋಗುತ್ತದೆ, ಮುದ್ರೆ ಸವೆಯುವುದು ಹೀಗೆಯೇ. ಮುದ್ರೆಯ ಮೇಲಂತೂ ಉಜ್ಜಲೇಬೇಡಿ. ಉಪ್ಪು ತಾಗಿದರೆ ಕಪ್ಪು ಗುಳಿ ಬೀಳುತ್ತದೆ, ಹಾಗಾಗಿ ಈ ಬಟ್ಟಲಿನಲ್ಲಿ ಉಪ್ಪಿನಕಾಯಿಗೆ ಜಾಗವಿಲ್ಲ. ಹಣ್ಣು ಇಡಿ, ಸಕ್ಕರೆ ಇಡಿ, ಹೂವಿಟ್ಟರೆ ಸಂಜೆಗೆ ನೀರು ಚೆಲ್ಲಿ. ಬಳಸುತ್ತಿದ್ದರೆ ಕಪ್ಪಾಗುವುದೂ ಕಡಿಮೆ.

ಕಪ್ಪು ಎಂದರೆ ಗಂಧಕದ ಅಂಶ ಬೆಳ್ಳಿಗೆ ಹಿಡಿದದ್ದು. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ, ವೃತ್ತಪತ್ರಿಕೆ ಇವೆಲ್ಲ ಶತ್ರುಗಳು. ಮಂಗಳೂರು, ಉಡುಪಿಯ ಸೆಕೆಯಲ್ಲಿ ಇಡುವವರು ಕಪ್ಪು ತಡೆಯುವ ಬಟ್ಟೆಯ ಚೀಲದೊಳಗೆ ಸುತ್ತಿ, ಜೊತೆಗೆ ತೇವ ಹೀರುವ ಸಿಲಿಕಾ ಪೊಟ್ಟಣ ಹಾಕಿ. ಒಂದರೊಳಗೊಂದು ಬಟ್ಟಲು ಪೇರಿಸಬೇಡಿ, ಗೀರು ಬೀಳುತ್ತದೆ.

ಪ್ರತಿ ಬಟ್ಟಲಿಗೂ ನೋಟ್‌ಬುಕ್ಕಿನ ಒಂದು ಪುಟ ಕೊಡಿ. ನನ್ನದರಲ್ಲಿ ಗುಲಾಬಿ ಬಟ್ಟಲಿನ ಪುಟ ಹೀಗಿದೆ: ಕೊಂಡ ದಿನ, ಕೊಟ್ಟ ಹಣ, ಗ್ರಾಂ ತೂಕ, ಮುದ್ರೆಗಳನ್ನು ಸಾಲಿನಲ್ಲಿ ಇದ್ದಂತೆಯೇ ಪೆನ್ಸಿಲಿನಲ್ಲಿ ಬರೆದ ಚಿತ್ರ. ಸಿಂಹದ ಹಿಂಗಾಲಿನ ಮೇಲೆ ಎಲೆಯನ್ನೂ ಬರೆದಿದ್ದೇನೆ. ಬಿಲ್ಲನ್ನು ಅದೇ ಪುಟಕ್ಕೆ ಅಂಟಿಸಿದ್ದೇನೆ. ಬಟ್ಟಲಿನೊಳಗೆ ಮಡಚಿ ಇಟ್ಟಿದ್ದೆ ಮೊದಲು, ಕಾಗದ ಕೂತ ಕಡೆ ಚೌಕಾಕಾರದ ಕಪ್ಪು ಕಲೆ ಬಿದ್ದ ಮೇಲೆ ತೆಗೆದೆ.